ಬಡ ದೇಶದಿಂದ ಪಕ್ಕದ ಬಡ ದೇಶಕ್ಕೆ: ಜನ ಯಾಕೆ ಹೋಗ್ತಾರೆ, ಯಾರಿಗೆ ಏನು ಸಿಗುತ್ತೆ?

ವಲಸೆ ಅಂದ ತಕ್ಷಣ ಕಣ್ಣ ಮುಂದೆ ಬರೋದು ಅಮೆರಿಕದ ಗೋಡೆ, ಮೆಡಿಟರೇನಿಯನ್‌ನಲ್ಲಿ ಮುಳುಗೋ ರಬ್ಬರ್ ದೋಣಿ, ಎಚ್‌1ಬಿ ವೀಸಾ. ನ್ಯೂಸ್‌ನವ್ರು ತೋರಿಸೋದೂ ಅದನ್ನೇ. ಆದ್ರೆ 2023ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನ, ಪೇಪರ್ ಇಲ್ಲದ ಅಫ್ಘನ್ನರೆಲ್ಲ ಜಾಗ ಖಾಲಿ ಮಾಡಿ ಅಂತು. 2025ರಲ್ಲಿ ಇರಾನ್ ಕಡೆಯಿಂದ ಹತ್ತು ಲಕ್ಷಕ್ಕೂ ಜಾಸ್ತಿ ಅಫ್ಘನ್ನರು ಗಡಿ ದಾಟಿ ವಾಪಸ್ ಬಂದ್ರು, ಅದರಲ್ಲಿ ತುಂಬಾ ಜನ ಗಡೀಪಾರು ಆದವ್ರು. ಪಾಕಿಸ್ತಾನವೇನೂ ಶ್ರೀಮಂತ ದೇಶ ಅಲ್ಲ, ನಿರ್ಬಂಧಗಳ ಹೊಡೆತ ತಿಂತಿರೋ ಇರಾನೂ ಅಲ್ಲ. ಹಾಗಿದ್ರೆ ಇಷ್ಟೊಂದು ಜನ ಅಲ್ಲಿಗೆ ಯಾಕೆ ಹೋಗಿದ್ರು, ಇಷ್ಟು ವರ್ಷ ಏನ್ ಮಾಡ್ಕೊಂಡಿದ್ರು? 1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ ಶುರುವಾದ ಓಡಾಟ ಇದು, ಆಮೇಲೆ ಇಟ್ಟಿಗೆ ಗೂಡು, ಕಟ್ಟಡ ಕೆಲಸ, ಸಣ್ಣಪುಟ್ಟ ವ್ಯಾಪಾರ ಅಂತ ಎರಡು ಮೂರು ತಲೆಮಾರು ಅಲ್ಲೇ ಬೆಳೆದುಬಿಟ್ಟಿವೆ.

ಒಂದು ಡೆವಲಪಿಂಗ್ ದೇಶದಿಂದ ಇನ್ನೊಂದು ಡೆವಲಪಿಂಗ್ ದೇಶಕ್ಕೆ ಹೋಗೋ ಇಂಥ ವಲಸೆನ ದಕ್ಷಿಣ-ದಕ್ಷಿಣ ವಲಸೆ ಅಂತ ಕರೀತಾರೆ. ಇದರ ಬಗ್ಗೆ ಚರ್ಚೆ ಕಮ್ಮಿ, ಆದ್ರೆ ಜನ ಕಮ್ಮಿ ಏನಿಲ್ಲ.

ದಕ್ಷಿಣ ಅಂದ್ರೆ ಯಾವ ದೇಶಗಳು?

ಇಲ್ಲಿ ದಕ್ಷಿಣ ಅಂದ್ರೆ ಮ್ಯಾಪ್‌ನಲ್ಲಿ ಕೆಳಗಿರೋದು ಅಂತಲ್ಲ. ವಿಶ್ವಸಂಸ್ಥೆ ಹಳೇ ಲೆಕ್ಕದ ಪ್ರಕಾರ ಆಫ್ರಿಕಾ ಪೂರ್ತಿ, ಜಪಾನ್ ಬಿಟ್ಟು ಏಷ್ಯಾ, ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್, ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಬಿಟ್ಟು ಉಳಿದ ಪೆಸಿಫಿಕ್ ದ್ವೀಪಗಳು, ಇದಿಷ್ಟೂ ದಕ್ಷಿಣ. ವರ್ಲ್ಡ್ ಬ್ಯಾಂಕ್ ಮಾತ್ರ ತಲಾ ಆದಾಯ ನೋಡಿ ದೇಶಗಳನ್ನ ವಿಂಗಡಿಸುತ್ತೆ. ಹಾಗಾಗಿ ಯುಎಇ ವಿಶ್ವಸಂಸ್ಥೆ ಲೆಕ್ಕದಲ್ಲಿ ದಕ್ಷಿಣ, ವರ್ಲ್ಡ್ ಬ್ಯಾಂಕ್ ಲೆಕ್ಕದಲ್ಲಿ ಶ್ರೀಮಂತ ದೇಶ. ಭಾರತದಿಂದ ದುಬೈಗೆ ಕೆಲಸಕ್ಕೆ ಹೋದವ್ರು ಯಾವ ಗುಂಪಿಗೆ ಸೇರ್ತಾರೆ ಅನ್ನೋದು ಯಾರ ಪಟ್ಟಿ ನೋಡ್ತೀರ ಅನ್ನೋದರ ಮೇಲೆ ಹೋಗುತ್ತೆ. ಅಂಕಿಅಂಶ ಓದುವಾಗ ಇದೊಂದು ನೆನಪಿರಲಿ, ಒಂದೇ ವಿಷಯಕ್ಕೆ ಎರಡು ಕಡೆ ಎರಡು ನಂಬರ್ ಕಾಣ್ಸಿದ್ರೆ ಕಾರಣ ಹೆಚ್ಚಾಗಿ ಇದೇ.

ಎಷ್ಟು ಜನ ಹೀಗೆ ಹೋಗಿದ್ದಾರೆ?

ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಇರೋವ್ರು 2024ರಲ್ಲಿ ಸುಮಾರು 30.4 ಕೋಟಿ ಅಂತ ವಿಶ್ವಸಂಸ್ಥೆ ಅಂದಾಜು. ಪ್ರಪಂಚದ ಜನಸಂಖ್ಯೆಲಿ ಇದು ನಾಲ್ಕು ಪರ್ಸೆಂಟ್‌ಗೂ ಕಮ್ಮಿ, ಅಂದ್ರೆ ಬಹುಪಾಲು ಜನ ಎಲ್ಲಿಗೂ ಹೋಗಲ್ಲ, ಹುಟ್ಟಿದ ದೇಶದಲ್ಲೇ ಇರ್ತಾರೆ. 2013ರಲ್ಲಿ ವಿಶ್ವಸಂಸ್ಥೆ ಒಂದು ಕುತೂಹಲದ ಲೆಕ್ಕ ಕೊಟ್ಟಿತ್ತು. ದಕ್ಷಿಣದ ದೇಶಗಳಲ್ಲಿ ಹುಟ್ಟಿ ಉತ್ತರದ ಶ್ರೀಮಂತ ದೇಶಗಳಲ್ಲಿ ಇದ್ದವ್ರು 8.19 ಕೋಟಿ, ದಕ್ಷಿಣದಲ್ಲೇ ಹುಟ್ಟಿ ದಕ್ಷಿಣದ ಇನ್ನೊಂದು ದೇಶದಲ್ಲಿ ಇದ್ದವ್ರು 8.23 ಕೋಟಿ. ಯೂರೋಪ್-ಅಮೆರಿಕಕ್ಕೆ ಹೋದವ್ರಿಗಿಂತ ಇವ್ರೇ ಸ್ವಲ್ಪ ಜಾಸ್ತಿ.

ಇದು ಕಾಗದದ ಮೇಲೆ ಸಿಕ್ಕ ಲೆಕ್ಕ ಮಾತ್ರ. 1950ರ ಒಪ್ಪಂದದಿಂದ ಭಾರತ-ನೇಪಾಳ ಗಡಿ ಓಪನ್ ಇದೆ, ಪಾಸ್‌ಪೋರ್ಟ್ ವೀಸಾ ಏನೂ ಬೇಡ, ಯಾರು ಬಂದ್ರು ಯಾರು ಹೋದ್ರು ಅಂತ ಎಣಿಸೋರೂ ಇಲ್ಲ. ಕಾಫಿ ಕೊಯ್ಲಿಗೆ ಅಂತ ನಿಕರಾಗುವಾದಿಂದ ಕೋಸ್ಟರಿಕಾಗೆ ಹೋಗಿ ಕೆಲವು ತಿಂಗಳಲ್ಲಿ ವಾಪಸ್ ಬರೋವ್ರು ಯಾವ ಸೆನ್ಸಸ್‌ನಲ್ಲೂ ಸರಿಯಾಗಿ ಸಿಗಲ್ಲ. ಆಫ್ರಿಕಾದ ಎಷ್ಟೋ ಗಡಿಗಳಲ್ಲಿ ಒಂದೇ ಭಾಷೆ ಒಂದೇ ಬಂಧುಬಳಗ ಎರಡೂ ಕಡೆ ಇರುತ್ತೆ, ಸಂತೆಗೆ ಹೋದ ಹಾಗೆ ಹೋಗಿ ಬರ್ತಾರೆ. ಹಾಗಾಗಿ ನಿಜವಾದ ಸಂಖ್ಯೆ ಈ ಲೆಕ್ಕಕ್ಕಿಂತ ದೊಡ್ಡದು ಅಂತಲೇ ಈ ವಿಷಯ ಓದಿದವ್ರು ಹೇಳೋದು.

ಪಕ್ಕದ ದೇಶಕ್ಕೇ ಯಾಕೆ?

2007ರಲ್ಲಿ ವರ್ಲ್ಡ್ ಬ್ಯಾಂಕ್‌ನ ಒಂದು ಸ್ಟಡಿ ಬಂತು, ಡೆವಲಪಿಂಗ್ ದೇಶಗಳ ನಡುವಿನ ವಲಸೆಲಿ ಸುಮಾರು 80 ಪರ್ಸೆಂಟ್ ಗಡಿ ಹಂಚಿಕೊಂಡಿರೋ ದೇಶಗಳ ಮಧ್ಯೆನೇ ಆಗುತ್ತೆ ಅಂತ ಅದರಲ್ಲಿತ್ತು. ಬುರ್ಕಿನಾ ಫಾಸೋದವ್ರು ಐವರಿ ಕೋಸ್ಟ್‌ಗೆ, ಜಿಂಬಾಬ್ವೆಯವ್ರು ದಕ್ಷಿಣ ಆಫ್ರಿಕಾಗೆ, ಮ್ಯಾನ್ಮಾರ್‌ನವ್ರು ಥಾಯ್ಲೆಂಡ್‌ಗೆ, ಹೈಟಿಯವ್ರು ಡೊಮಿನಿಕನ್ ರಿಪಬ್ಲಿಕ್‌ಗೆ, ಪರಾಗ್ವೆ-ಬೊಲಿವಿಯಾದವ್ರು ಅರ್ಜೆಂಟೀನಾಗೆ.

ಕಾರಣ ತುಂಬಾ ಸರಳ, ದುಡ್ಡು. ದೂರದ ಶ್ರೀಮಂತ ದೇಶಕ್ಕೆ ಹೋಗ್ಬೇಕು ಅಂದ್ರೆ ಪಾಸ್‌ಪೋರ್ಟ್, ವೀಸಾ, ಟಿಕೆಟ್, ಏಜೆಂಟ್ ಕಮಿಷನ್, ಇಂಗ್ಲಿಷೋ ಜರ್ಮನ್ನೋ ಒಂದು ಭಾಷೆ, ಡಿಗ್ರಿ, ಬ್ಯಾಂಕ್‌ನಲ್ಲಿ ದುಡ್ಡಿದೆ ಅನ್ನೋಕೆ ಪ್ರೂಫ್, ಇಷ್ಟೆಲ್ಲ ಬೇಕು. ಇದೆಲ್ಲ ಇರೋದು ಮಧ್ಯಮ ವರ್ಗದವ್ರ ಹತ್ರ. ದಿನಗೂಲಿ ಮಾಡೋವ್ರ ಹತ್ರ ಬಸ್ ಚಾರ್ಜಿಗೆ ಆಗೋಷ್ಟು ಇರುತ್ತೆ, ಬಸ್ಸು ಪಕ್ಕದ ದೇಶದ ತನಕ ಹೋಗುತ್ತೆ, ಅಲ್ಲಿ ಮುಂಚೆನೇ ಹೋಗಿರೋ ಊರಿನವ್ರು ಒಬ್ರಾದ್ರೂ ಇರ್ತಾರೆ, ಮೊದಲ ವಾರ ಮಲಗೋಕೆ ಜಾಗನೂ ಮೇಸ್ತ್ರಿ ಪರಿಚಯನೂ ಅವ್ರಿಂದಾನೇ ಆಗುತ್ತೆ. ಅಲ್ಲಿ ಸಂಬಳ ಅಮೆರಿಕದಷ್ಟು ಇರಲ್ಲ ನಿಜ, ಆದ್ರೆ ಊರಿಗಿಂತ ಸ್ವಲ್ಪ ಜಾಸ್ತಿ ಇದ್ರೂ ಹೋಗೋ ಖರ್ಚೇ ಕಮ್ಮಿ ಇರೋದ್ರಿಂದ ಗಿಟ್ಟುತ್ತೆ. ಅಭಿವೃದ್ಧಿ ದೃಷ್ಟಿಯಿಂದ ಈ ವಲಸೆ ಮುಖ್ಯ ಅನ್ನೋದಕ್ಕೆ ಇದೇ ದೊಡ್ಡ ಕಾರಣ ಅಂತ ನನಗನ್ಸುತ್ತೆ, ತಲೆಗೆ ಸಿಗೋ ಲಾಭ ಸಣ್ಣದು, ಆದ್ರೆ ಅದು ಸಿಗೋದು ತುಂಬಾ ಬಡವ್ರಿಗೆ.

ಇನ್ನೊಂದು ಕಾರಣ ಓಡಿ ಹೋಗೋದು. ಯುದ್ಧ ಬಂದ್ರೆ, ಸರ್ಕಾರ ಬಿದ್ರೆ, ದುಡ್ಡಿಗೆ ಬೆಲೆನೇ ಇಲ್ದೆ ಹೋದ್ರೆ ಜನ ನಡ್ಕೊಂಡು ಹೋಗೋಕೆ ಆಗೋ ಜಾಗಕ್ಕೆ ಹೋಗ್ತಾರೆ. 2024ರ ಕೊನೆಗೆ ಪ್ರಪಂಚದ ನಿರಾಶ್ರಿತರಲ್ಲಿ 73 ಪರ್ಸೆಂಟ್ ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ ಇದ್ರು, 67 ಪರ್ಸೆಂಟ್ ಪಕ್ಕದ ದೇಶದಲ್ಲೇ ಇದ್ರು. ಸಿರಿಯಾದವ್ರು ಟರ್ಕಿ, ಲೆಬನಾನ್, ಜೋರ್ಡಾನ್‌ಗೆ, ಸೂಡಾನ್‌ನವ್ರು ಚಾಡ್‌ಗೆ, ಈಜಿಪ್ಟ್‌ಗೆ. ಕೆಲಸಕ್ಕೆ ಹೋದವ್ರು ಒಂದು ಕಡೆ, ಜೀವ ಉಳಿಸ್ಕೊಳ್ಳೋಕೆ ಹೋದವ್ರು ಇನ್ನೊಂದು ಕಡೆ ಅಂತ ಗೆರೆ ಎಳೆಯೋದು ಕಾನೂನಿಗೆ ಬೇಕು. ವಾಸ್ತವದಲ್ಲಿ 2008ರ ಹಣದುಬ್ಬರದಲ್ಲಿ ಜಿಂಬಾಬ್ವೆ ಬಿಟ್ಟ ಟೀಚರ್ ಒಬ್ರನ್ನ ಯಾವ ಕಡೆ ಹಾಕ್ತೀರ?

ಐವರಿ ಕೋಸ್ಟ್‌ನ ಕೋಕೋ ತೋಟಗಳು

ವಲಸೆಗೂ ಅಭಿವೃದ್ಧಿಗೂ ಏನು ಸಂಬಂಧ ಅಂತ ಒಂದೇ ಕಡೆ ಪೂರ್ತಿ ಕಾಣ್ಬೇಕು ಅಂದ್ರೆ ಪಶ್ಚಿಮ ಆಫ್ರಿಕಾ ನೋಡ್ಬೇಕು. ಇವತ್ತು ಪ್ರಪಂಚದಲ್ಲಿ ಅತಿ ಹೆಚ್ಚು ಕೋಕೋ ಬೆಳೆಯೋ ದೇಶ ಐವರಿ ಕೋಸ್ಟ್. ಆ ತೋಟಗಳಲ್ಲಿ ಬೆವರು ಸುರಿಸಿದವ್ರಲ್ಲಿ ದೊಡ್ಡ ಪಾಲು ಉತ್ತರದ ಒಣ ಪ್ರದೇಶ ಬುರ್ಕಿನಾ ಫಾಸೋದವ್ರು.

ಇದು ತನ್ನಷ್ಟಕ್ಕೆ ಆಗಿದ್ದೂ ಅಲ್ಲ. ಫ್ರೆಂಚರ ಆಳ್ವಿಕೆಲಿ ಈಗಿನ ಬುರ್ಕಿನಾವನ್ನ (ಆಗ ಅಪ್ಪರ್ ವೋಲ್ಟಾ) 1932ರಲ್ಲಿ ಒಂದು ಕಾಲೊನಿಯಾಗಿ ರದ್ದು ಮಾಡಿ ಅಕ್ಕಪಕ್ಕಕ್ಕೆ ಹಂಚಿಬಿಟ್ರು, ದೊಡ್ಡ ಭಾಗ ಐವರಿ ಕೋಸ್ಟ್‌ಗೆ ಹೋಯ್ತು, 1947ರಲ್ಲಿ ಮತ್ತೆ ಬೇರೆ ಮಾಡಿದ್ರು. ಕರಾವಳಿ ತೋಟಕ್ಕೆ ಆಳುಗಳನ್ನ ಬಲವಂತವಾಗಿ ಕರ್ಕೊಂಡು ಹೋಗೋದು 1946ರ ತನಕ ಕಾನೂನುಬದ್ಧವಾಗೇ ಇತ್ತು. ಐವರಿ ಕೋಸ್ಟ್ ಕರಾವಳಿಯ ಅಬಿಜಾನ್‌ನಿಂದ ಹೊರಟ ರೈಲು ಹಳಿ 1954ಕ್ಕೆ ಈಗಿನ ಬುರ್ಕಿನಾ ರಾಜಧಾನಿ ವಾಗಾಡೂಗು ಮುಟ್ಟಿತು. ಅಂದ್ರೆ ದಾರಿ ಹಾಕಿದ್ದು ಕಾಲೊನಿ ಸರ್ಕಾರ, ಸ್ವಾತಂತ್ರ್ಯ ಬಂದಮೇಲೆ ಜನ ಅದೇ ದಾರಿಲಿ ತಾವಾಗೇ ಹೋಗೋಕೆ ಶುರು ಮಾಡಿದ್ರು.

ಐವರಿ ಕೋಸ್ಟ್‌ನ ಮೊದಲ ಅಧ್ಯಕ್ಷ ಹುಫುವೆ-ಬುವಾನ್ಯಿ ಅವರಿಗೆ ಆಳು ಬೇಕಿತ್ತು, ಕಾಡು ಕಡಿದು ತೋಟ ಮಾಡ್ಬೇಕಿತ್ತು. ಯಾರು ಉಳುಮೆ ಮಾಡ್ತಾರೋ ಭೂಮಿ ಅವ್ರದ್ದು ಅನ್ನೋ ಅರ್ಥದ ಧೋರಣೆ ಇಟ್ಕೊಂಡ್ರು. ಜನ ಬಂದ್ರು, ತೋಟ ಆಯ್ತು, 60 ಮತ್ತು 70ರ ದಶಕದಲ್ಲಿ ದೇಶ ಎಷ್ಟು ಜೋರಾಗಿ ಬೆಳೀತು ಅಂದ್ರೆ ಅದನ್ನ ಐವರಿಯನ್ ಪವಾಡ ಅಂತ ಕರೆದ್ರು. 1998ರ ಜನಗಣತಿ ಟೈಮಿಗೆ ದೇಶದಲ್ಲಿ ಸುಮಾರು 26 ಪರ್ಸೆಂಟ್ ವಿದೇಶಿಯರು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅಲ್ಲಿ ಪೌರತ್ವ ಹುಟ್ಟಿದ ಜಾಗದಿಂದ ಬರಲ್ಲ ತಂದೆ-ತಾಯಿಯಿಂದ ಬರುತ್ತೆ, ಹಾಗಾಗಿ ಅಲ್ಲೇ ಹುಟ್ಟಿ ಅಲ್ಲೇ ಬೆಳೆದು ಗಡಿನೇ ದಾಟದ ಎಷ್ಟೋ ಜನ ಲೆಕ್ಕದಲ್ಲಿ ವಿದೇಶಿಯರು.

80ರ ದಶಕದಲ್ಲಿ ಕೋಕೋ ರೇಟ್ ಬಿತ್ತು. ಸಿಟಿಲಿ ಕೆಲಸ ಕಳ್ಕೊಂಡ ಸ್ಥಳೀಯ ಹುಡುಗರು ಹಳ್ಳಿಗೆ ವಾಪಸ್ ಬಂದು ನೋಡಿದ್ರೆ ಅಪ್ಪ ಅಜ್ಜಂದಿರ ಜಮೀನಲ್ಲಿ ಹೊರಗಿನವ್ರು ತೋಟ ಮಾಡ್ಕೊಂಡಿದ್ದಾರೆ. 90ರ ದಶಕದಲ್ಲಿ ರಾಜಕಾರಣಿಗಳು ಇದಕ್ಕೆ ಎಣ್ಣೆ ಸುರಿದ್ರು, ಅಸಲಿ ಐವರಿಯನ್ ಯಾರು ಅನ್ನೋ ಪ್ರಶ್ನೆನ ಚುನಾವಣೆಗೆ ತಂದ್ರು, 1998ರಲ್ಲಿ ಹಳ್ಳಿ ಜಮೀನಿನ ಒಡೆತನ ಐವರಿಯನ್ನರಿಗೆ ಮಾತ್ರ ಅನ್ನೋ ಕಾನೂನು ಬಂತು, 2002ರಲ್ಲಿ ಅಂತರ್ಯುದ್ಧ ಶುರುವಾಗಿ ದೇಶ ಉತ್ತರ-ದಕ್ಷಿಣ ಅಂತ ಎರಡು ಹೋಳಾಯ್ತು, ಲಕ್ಷಗಟ್ಟಲೆ ಬುರ್ಕಿನಾದವ್ರು ಗಂಟುಮೂಟೆ ಕಟ್ಕೊಂಡು ಓಡಿದ್ರು. ಆದ್ರೂ ಆ ದಾರಿ ನಿಲ್ಲಲಿಲ್ಲ. ಯಾಕಂದ್ರೆ ತೋಟಕ್ಕೆ ಆಳು ಬೇಕೇ ಬೇಕು, ಬುರ್ಕಿನಾಗೆ ಕೂಲಿ ಬೇಕೇ ಬೇಕು.

ಕರೆದವ್ರೇ ಓಡಿಸಿದ್ದು

ಐವರಿ ಕೋಸ್ಟ್ ಒಂದೇ ಅಲ್ಲ. 1969ರಲ್ಲಿ ಘಾನಾದ ಪ್ರಧಾನಿ ಬೂಸಿಯಾ ಸರ್ಕಾರ, ಪರ್ಮಿಟ್ ಇಲ್ಲದ ವಿದೇಶಿಯರು ಎರಡು ವಾರದಲ್ಲಿ ಪೇಪರ್ ಮಾಡ್ಕೊಳ್ಳಿ ಇಲ್ಲ ಹೊರಡಿ ಅಂತು, ಹೊರಟವ್ರಲ್ಲಿ ನೈಜೀರಿಯಾದವ್ರೇ ಜಾಸ್ತಿ. ಮುಂದೆ 70ರ ದಶಕದಲ್ಲಿ ನೈಜೀರಿಯಾದಲ್ಲಿ ತೈಲದ ದುಡ್ಡು ಹರೀತು, ಈ ಸಲ ಘಾನಾದವ್ರು ಆ ಕಡೆ ಹೋದ್ರು, ಟೀಚರ್‌ಗಳಾಗಿ, ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ. ತೈಲ ಬೆಲೆ ಬಿತ್ತು. 1983ರ ಜನವರಿಲಿ ನೈಜೀರಿಯಾ ಸರ್ಕಾರ ಪೇಪರ್ ಇಲ್ಲದ ವಿದೇಶಿಯರಿಗೆ ಹೊರಡಿ ಅಂತು, ಸುಮಾರು ಇಪ್ಪತ್ತು ಲಕ್ಷ ಜನ, ಅದರಲ್ಲಿ ಅರ್ಧದಷ್ಟು ಘಾನಾದವ್ರು, ಕೆಲವೇ ವಾರಗಳಲ್ಲಿ ಹೊರಟ್ರು. ಸಾಮಾನು ತುಂಬ್ಕೊಂಡು ಹೋದ ಚೌಕುಳಿ ಗೆರೆಯ ದೊಡ್ಡ ಪ್ಲಾಸ್ಟಿಕ್ ಬ್ಯಾಗ್‌ಗೆ ಪಶ್ಚಿಮ ಆಫ್ರಿಕಾದಲ್ಲಿ ಇವತ್ತಿಗೂ "ಘಾನಾ ಮಸ್ಟ್ ಗೋ" ಅಂತಾನೇ ಹೆಸರು.

ವಿಪರ್ಯಾಸ ನೋಡಿ, ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಇಕೊವಾಸ್ 1979ರಲ್ಲೇ ಜನರ ಮುಕ್ತ ಓಡಾಟದ ಒಪ್ಪಂದ ಮಾಡ್ಕೊಂಡಿತ್ತು, ವೀಸಾ ಇಲ್ದೆ 90 ದಿನ ಇರಬಹುದು ಅಂತ. ತೊಂಬತ್ತು ದಿನ ಆದಮೇಲೆ ಪರ್ಮಿಟ್ ಬೇಕು, ಅದನ್ನ ಮಾಡಿಸಿದವ್ರು ಕಮ್ಮಿ, ಸರ್ಕಾರ ಹಿಡ್ಕೊಂಡಿದ್ದು ಅದನ್ನೇ. ಒಳಗೆ ಬರೋಕೆ ಅಡ್ಡಿ ಇಲ್ಲ, ಇದ್ದು ಕೆಲಸ ಮಾಡೋಕೆ ಹಕ್ಕಿಲ್ಲ ಅನ್ನೋ ಈ ಮಧ್ಯದ ಸ್ಥಿತಿಲೇ ದಕ್ಷಿಣದ ವಲಸಿಗರು ಬಹಳಷ್ಟು ಜನ ಇರೋದು. ಆರ್ಥಿಕತೆ ಚೆನ್ನಾಗಿದ್ರೆ ಯಾರೂ ಕೇಳಲ್ಲ. ಕೆಟ್ಟಾಗ ಮೊದಲು ಕಣ್ಣಿಗೆ ಬೀಳೋದು ಇವ್ರೇ. 2008ರ ಮೇನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿದೇಶಿಯರ ಮೇಲೆ ನಡೆದ ಹಿಂಸೆಲಿ 62 ಜನ ಸತ್ರು, ಅದರಲ್ಲಿ 21 ಜನ ದಕ್ಷಿಣ ಆಫ್ರಿಕಾದವ್ರೇ. ಗುಂಪು ಹೊಡೆಯೋಕೆ ಬಂದಾಗ ಪಾಸ್‌ಪೋರ್ಟ್ ನೋಡಲ್ಲ.

ಮನೆಗೆ ಬರೋ ದುಡ್ಡು

ವಲಸೆ ಹೋದವ್ರು ಮನೆಗೆ ಕಳಿಸೋ ದುಡ್ಡಿಗೆ ರೆಮಿಟೆನ್ಸ್ ಅಂತಾರೆ. ಕೆಳ ಮತ್ತು ಮಧ್ಯಮ ಆದಾಯದ ದೇಶಗಳಿಗೆ 2024ರಲ್ಲಿ ಹೀಗೆ ಬಂದಿದ್ದು ಸುಮಾರು 68,500 ಕೋಟಿ ಡಾಲರ್ ಅಂತ ವರ್ಲ್ಡ್ ಬ್ಯಾಂಕ್ ಅಂದಾಜು, ಇದರಲ್ಲಿ ಭಾರತಕ್ಕೇ ಸುಮಾರು 12,900 ಕೋಟಿ. ಶ್ರೀಮಂತ ದೇಶಗಳು ಕೊಡೋ ನೆರವು ಮತ್ತು ವಿದೇಶಿ ಕಂಪನಿಗಳ ನೇರ ಹೂಡಿಕೆ ಎರಡನ್ನೂ ಇದು ಮೀರುತ್ತೆ. ನೇಪಾಳದ ಜಿಡಿಪಿಲಿ ಸುಮಾರು ಕಾಲು ಭಾಗ ಇಂಥ ದುಡ್ಡೇ, ಬಹುಪಾಲು ಗಲ್ಫ್, ಮಲೇಷ್ಯಾ, ಭಾರತದಿಂದ ಬಂದಿದ್ದು.

ಈ ದುಡ್ಡಿನ ವಿಶೇಷ ಏನಂದ್ರೆ ಮಧ್ಯದಲ್ಲಿ ಯಾವ ಸರ್ಕಾರಿ ಇಲಾಖೆನೂ ಬರಲ್ಲ, ನೇರ ಮನೆಗೆ ಹೋಗುತ್ತೆ. ಸ್ಕೂಲ್ ಫೀಸು, ಔಷಧಿ, ಸೂರಿಗೆ ಶೀಟು, ಸಾಲದ ಬಡ್ಡಿ. ಊಟ-ತಿಂಡಿಗೇ ಖರ್ಚಾಗುತ್ತೆ, ಬಂಡವಾಳ ಆಗಲ್ಲ ಅಂತ ಹಿಂದೆ ಕೆಲವರು ಮೂಗು ಮುರೀತಿದ್ರು. ಹಸಿದ ಮನೆಗೆ ಅನ್ನ ಬಂದು ಮಗು ಸ್ಕೂಲ್ ಬಿಡ್ದೆ ಉಳಿದ್ರೆ ಅದೂ ಬಂಡವಾಳನೇ ಅಲ್ವಾ ಅಂತ ಈಗ ಲೆಕ್ಕ ಹಾಕೋ ರೀತಿ ಬದಲಾಗಿದೆ.

ತೊಂದರೆ ಇರೋದು ಕಳಿಸೋ ಚಾರ್ಜಲ್ಲಿ. 200 ಡಾಲರ್ ಕಳಿಸಿದ್ರೆ ಪ್ರಪಂಚದ ಸರಾಸರಿ ಖರ್ಚು 6 ಪರ್ಸೆಂಟ್‌ಗಿಂತ ಜಾಸ್ತಿ, ಸಹಾರಾ ಕೆಳಗಿನ ಆಫ್ರಿಕಾಗೆ ಕಳಿಸಿದ್ರೆ 8 ಪರ್ಸೆಂಟ್ ಆಸುಪಾಸು. ಆಶ್ಚರ್ಯ ಏನಂದ್ರೆ ಅತಿ ದುಬಾರಿ ದಾರಿಗಳಲ್ಲಿ ಎಷ್ಟೋ ಆಫ್ರಿಕಾದ ಒಳಗೇ ಇವೆ, ದಕ್ಷಿಣ ಆಫ್ರಿಕಾದಿಂದ ಅಕ್ಕಪಕ್ಕದ ದೇಶಕ್ಕೆ, ಟಾಂಜಾನಿಯಾದಿಂದ ಕೀನ್ಯಾ ಉಗಾಂಡಾಗೆ. ದೂರ ಕಮ್ಮಿ, ಚಾರ್ಜ್ ಜಾಸ್ತಿ. ಯಾಕೆ ಅಂದ್ರೆ ಪಕ್ಕಪಕ್ಕದ ಎರಡು ಸಣ್ಣ ಕರೆನ್ಸಿಗಳನ್ನ ನೇರ ಬದಲಾಯಿಸೋ ಮಾರ್ಕೆಟ್ ಇರಲ್ಲ, ಮಧ್ಯದಲ್ಲಿ ಡಾಲರ್‌ಗೆ ಮಾಡಿ ಮತ್ತೆ ಇನ್ನೊಂದಕ್ಕೆ ಮಾಡ್ಬೇಕು, ಎರಡು ಸಲ ಕಡಿತ. ಕಂಪನಿಗಳ ಮಧ್ಯೆ ಪೈಪೋಟಿ ಕಮ್ಮಿ. ಕಳಿಸೋನ ಹತ್ರ ಬ್ಯಾಂಕ್ ಅಕೌಂಟ್ ತೆರೆಯೋಕೆ ಬೇಕಾದ ಪೇಪರ್ ಇರಲ್ಲ. ಮತ್ತೆ ಕಳಿಸೋ ಮೊತ್ತವೂ ಸಣ್ಣದು, ಸಣ್ಣ ಸಾಮಾನು ಕೊರಿಯರ್ ಮಾಡೋಕೆ ಹೋದಾಗ ಸಾಮಾನಿಗಿಂತ ಕೊರಿಯರ್ ಚಾರ್ಜೇ ಭಾರ ಅನ್ಸುತ್ತಲ್ಲ, ಹಾಗೆ. 2030ರೊಳಗೆ ಇದನ್ನ 3 ಪರ್ಸೆಂಟ್‌ಗಿಂತ ಕೆಳಗೆ ತರ್ಬೇಕು ಅಂತ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬರ್ಕೊಂಡಿದ್ದಾರೆ. 2007ರಲ್ಲಿ ಕೀನ್ಯಾದಲ್ಲಿ ಎಂ-ಪೆಸಾ ಬಂದಮೇಲೆ ಮೊಬೈಲ್‌ನಲ್ಲೇ ದುಡ್ಡು ಕಳಿಸೋದು ಪೂರ್ವ ಆಫ್ರಿಕಾದಲ್ಲಿ ಸಲೀಸಾಯ್ತು, ಆದ್ರೆ ಗಡಿ ದಾಟುವಾಗ ಎರಡು ದೇಶದ ರೂಲ್ಸು ಅಡ್ಡ ಬರುತ್ತೆ. ಹಾಗಾಗಿ ಜನ ಬಸ್ ಡ್ರೈವರ್ ಕೈಲಿ, ಹುಂಡಿಲಿ, ಹವಾಲಾದಲ್ಲಿ ಕಳಿಸ್ತಾರೆ. ಅದು ಯಾವ ಸರ್ಕಾರಿ ಲೆಕ್ಕಕ್ಕೂ ಸಿಗಲ್ಲ.

ದುಡ್ಡು ಬರೋಕೆ ಮುಂಚೆ ಹೋಗೋದೂ ಇದೆ. ಬಾಂಗ್ಲಾದೇಶ ಸರ್ಕಾರದ ಅಂಕಿಅಂಶ ಇಲಾಖೆ 2020ರಲ್ಲಿ ಮಾಡಿದ ಸರ್ವೆ ಪ್ರಕಾರ ಹೊರದೇಶಕ್ಕೆ ಕೆಲಸಕ್ಕೆ ಹೋಗೋಕೆ ಆದ ಖರ್ಚು ಸರಾಸರಿ 17 ತಿಂಗಳಿಗೂ ಜಾಸ್ತಿ ಸಂಬಳಕ್ಕೆ ಸಮ. ಅಂದ್ರೆ ಒಂದೂವರೆ ವರ್ಷ ದುಡಿಯೋದು ಏಜೆಂಟ್ ಸಾಲ ತೀರ್ಸೋಕೆ. ಕಾಂಟ್ರಾಕ್ಟ್ ಇರೋದು ಎರಡು ವರ್ಷಕ್ಕೆ ಅಂತಾದ್ರೆ ಉಳಿದಿದ್ದೆಷ್ಟು ಅಂತ ನೀವೇ ಲೆಕ್ಕ ಹಾಕಿ. ಇದರ ಮೇಲೆ ಗಲ್ಫ್, ಲೆಬನಾನ್, ಜೋರ್ಡಾನ್ ಕಡೆ ಕಫಾಲಾ ಅನ್ನೋ ಪದ್ಧತಿ, ಕೆಲಸಗಾರನ ವೀಸಾ ಒಬ್ಬ ಮಾಲೀಕನ ಹೆಸರಿಗೆ ಕಟ್ಟಿಹಾಕಿರುತ್ತೆ, ಮಾಲೀಕ ಸಂಬಳ ಕೊಡ್ಲಿಲ್ಲ ಅಂತ ಕೆಲಸ ಬಿಟ್ರೆ ಅವತ್ತೇ ಅವನು ಅಕ್ರಮ ವಲಸಿಗ. ಕತಾರ್ 2020ರಲ್ಲಿ, ಕೆಲಸ ಬದಲಾಯಿಸೋಕೆ ಹಳೇ ಮಾಲೀಕನ ಒಪ್ಪಿಗೆ ಪತ್ರ ಬೇಕು ಅನ್ನೋ ನಿಯಮ ತೆಗೀತು, ಫುಟ್‌ಬಾಲ್ ವರ್ಲ್ಡ್ ಕಪ್ ಮೇಲೆ ಪ್ರಪಂಚದ ಕಣ್ಣಿದ್ದ ಟೈಮದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಿಕ್ಕು. ಕಿರುಕುಳದ ಸುದ್ದಿ ಬಂತು ಅಂತ ನೇಪಾಳ 2012ರಲ್ಲಿ 30 ವರ್ಷದೊಳಗಿನ ಹೆಂಗಸರು ಗಲ್ಫ್‌ಗೆ ಮನೆಗೆಲಸಕ್ಕೆ ಹೋಗೋ ಹಾಗಿಲ್ಲ ಅಂತು. ಉದ್ದೇಶ ಒಳ್ಳೇದೇ. ಆದ್ರೆ ಹೋಗೋವ್ರು ಓಪನ್ ಗಡಿ ದಾಟಿ ಭಾರತಕ್ಕೆ ಬಂದು ಇಲ್ಲಿಂದ ವಿಮಾನ ಹತ್ತಿದ್ರು, ನೇಪಾಳದ ಪರ್ಮಿಟ್ ಇಲ್ದೆ, ಇನ್ಶೂರೆನ್ಸ್ ಇಲ್ದೆ. ಕಷ್ಟ ಬಂದ್ರೆ ಸಹಾಯ ಕೇಳೋಕೆ ಅವ್ರ ಹೆಸರೇ ದಾಖಲೆಲಿ ಇಲ್ಲ.

ಬಿಟ್ಟು ಹೋದ ಊರಿಗೆ ಏನಾಗುತ್ತೆ?

ಲೆಸೊಥೋ ಅಂತ ಒಂದು ಪುಟ್ಟ ಬೆಟ್ಟದ ದೇಶ ಇದೆ, ಸುತ್ತಲೂ ದಕ್ಷಿಣ ಆಫ್ರಿಕಾ. ಅಲ್ಲಿನ ಗಂಡಸರು ನೂರು ವರ್ಷಕ್ಕೂ ಜಾಸ್ತಿ ಕಾಲ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗೆ ಇಳಿದಿದ್ದಾರೆ, 1980ರ ದಶಕದ ಕೊನೆಗೆ ಅಂಥವ್ರು ಒಂದು ಲಕ್ಷಕ್ಕೂ ಜಾಸ್ತಿ. ಊರಿನ ಮನೆಗಳು ಆ ಸಂಬಳದಲ್ಲೇ ನಡೀತಿದ್ವು. ಹೊಲ ನೋಡ್ಕೊಳ್ಳೋದು, ಮಕ್ಕಳು, ವಯಸ್ಸಾದವ್ರು ಎಲ್ಲ ಹೆಂಗಸರ ತಲೆ ಮೇಲೆ. ಆಮೇಲೆ ಗಣಿಗಳು ಒಂದೊಂದೇ ಮುಚ್ಚಿದ್ವು, ಗಂಡಸರು ವಾಪಸ್ ಬಂದ್ರು, ಎಷ್ಟೋ ಜನ ಎದೆಲಿ ಕಲ್ಲುಧೂಳು ತುಂಬ್ಕೊಂಡು. ಆ ರೋಗಕ್ಕೆ ಸಿಲಿಕೋಸಿಸ್ ಅಂತಾರೆ, ವರ್ಷಗಳು ಕಳೆದಮೇಲೆ ಕಾಣಿಸ್ಕೊಳ್ಳುತ್ತೆ, ಅಷ್ಟೊತ್ತಿಗೆ ಕೆಲಸ ಮಾಡಿದ ದೇಶ ಬೇರೆ, ಕೆಮ್ಮುತಾ ಕೂತಿರೋ ದೇಶ ಬೇರೆ. ಗಣಿ ಕಂಪನಿಗಳ ಮೇಲೆ ಹಾಕಿದ ಕೇಸು 2018ರಲ್ಲಿ ಸುಮಾರು 500 ಕೋಟಿ ರಾಂಡ್ (ದಕ್ಷಿಣ ಆಫ್ರಿಕಾದ ಕರೆನ್ಸಿ) ಪರಿಹಾರದ ರಾಜಿಗೆ ಬಂತು, 2019ರಲ್ಲಿ ಕೋರ್ಟ್ ಒಪ್ಪಿತು.

ಇದರಲ್ಲಿ ಕಾಣೋ ಸಮಸ್ಯೆ ಲೆಸೊಥೋದ್ದು ಮಾತ್ರ ಅಲ್ಲ. ಪಿಂಚಣಿ, ಪಿಎಫ್, ಇನ್ಶೂರೆನ್ಸ್, ಪರಿಹಾರ ಇವೆಲ್ಲ ಗಡಿ ದಾಟಿ ಕೆಲಸಗಾರನ ಹಿಂದೆ ಬರ್ಬೇಕು. ಯೂರೋಪ್ ಒಳಗೆ ಅದಕ್ಕೆ ವ್ಯವಸ್ಥೆ ಇದೆ. ದಕ್ಷಿಣದ ದೇಶಗಳ ಮಧ್ಯೆ ಅಂಥ ಒಪ್ಪಂದ ಕಮ್ಮಿ, ಇದ್ದರೂ ಕೂಲಿ ಕೆಲಸ ಮಾಡಿದವ್ರ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇರಲ್ಲ.

ಬಂದವ್ರು ಹೊರೆನಾ?

ಹೆಚ್ಚಾಗಿ ಶ್ರೀಮಂತ ದೇಶಗಳೇ ಇರೋ ಒಕ್ಕೂಟ ಒಇಸಿಡಿ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒ ಸೇರಿ 2018ರಲ್ಲಿ ಹತ್ತು ಡೆವಲಪಿಂಗ್ ದೇಶಗಳ ಬಗ್ಗೆ ಒಂದು ವರದಿ ತಂದ್ವು. ಜಿಡಿಪಿಲಿ ವಲಸಿಗರ ಪಾಲು ಘಾನಾದಲ್ಲಿ ಸುಮಾರು 1 ಪರ್ಸೆಂಟ್, ಐವರಿ ಕೋಸ್ಟ್‌ನಲ್ಲಿ 19, ಹತ್ತೂ ದೇಶದ ಸರಾಸರಿ 7. ಸ್ಥಳೀಯರ ಕೆಲಸ ಕಿತ್ಕೊಳ್ತಾರಾ ಅಂದ್ರೆ, ಒಟ್ಟಾರೆ ಪರಿಣಾಮ ಸಣ್ಣದು ಅಂತ ವರದಿ ಹೇಳ್ತು. ಒಟ್ಟಾರೆ ಅನ್ನೋ ಮಾತು ಇಲ್ಲಿ ಮುಖ್ಯ, ಒಂದೇ ಕೂಲಿ ಅಡ್ಡದಲ್ಲಿ ನಿಂತಿರೋ ಇಬ್ರಲ್ಲಿ ಒಬ್ರಿಗೆ ಕೆಲಸ ತಪ್ಪಿದ್ರೆ ಆ ಮನುಷ್ಯನಿಗೆ ಸರಾಸರಿ ಕಟ್ಕೊಂಡು ಏನೂ ಆಗ್ಬೇಕಿಲ್ಲ. ಬಾಡಿಗೆ, ಆಸ್ಪತ್ರೆ ಕ್ಯೂ, ಸ್ಕೂಲ್ ಬೆಂಚು ಇದರ ಒತ್ತಡ ಬೀಳೋದೂ ಬಡ ಏರಿಯಾಗಳ ಮೇಲೇನೇ.

ಇದನ್ನ ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು ಕೊಲಂಬಿಯಾ. 70ರ ದಶಕದಲ್ಲಿ ವೆನೆಜುವೆಲಾಗೆ ತೈಲದ ಸುಗ್ಗಿ, ಕೊಲಂಬಿಯಾದವ್ರು ಲಕ್ಷಗಟ್ಟಲೆ ಅಲ್ಲಿಗೆ ಹೋದ್ರು. 2015ರ ಆಸುಪಾಸಿನಿಂದ ವೆನೆಜುವೆಲಾ ಕುಸೀತು, ಈಗ ಉಲ್ಟಾ. ದೇಶ ಬಿಟ್ಟ ವೆನೆಜುವೆಲಾದವ್ರು 75 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ಸುಮಾರು 28 ಲಕ್ಷ ಕೊಲಂಬಿಯಾದಲ್ಲಿ. 2021ರಲ್ಲಿ ಅಧ್ಯಕ್ಷ ಇವಾನ್ ದುಕೆ ಸರ್ಕಾರ ಇವರಿಗೆ ಹತ್ತು ವರ್ಷದ ತಾತ್ಕಾಲಿಕ ರಕ್ಷಣೆ ಕೊಡ್ತು, ಒಂದು ಕಾರ್ಡ್, ಅದನ್ನ ಇಟ್ಕೊಂಡು ಕೆಲಸ ಮಾಡಬಹುದು, ಅಕೌಂಟ್ ತೆರೀಬಹುದು, ಆಸ್ಪತ್ರೆಗೆ ಹೋಗಬಹುದು. ಸರ್ಕಾರದ ಲೆಕ್ಕಾಚಾರ ಕರುಣೆ ಮಾತ್ರ ಆಗಿರ್ಲಿಲ್ಲ. ಪೇಪರ್ ಇದ್ದವ್ನು ಎಲ್ಲಿದ್ದಾನೆ ಅಂತ ಗೊತ್ತಿರುತ್ತೆ, ಟ್ಯಾಕ್ಸ್ ಕಟ್ತಾನೆ, ಓದಿದ್ದಕ್ಕೆ ತಕ್ಕ ಕೆಲಸ ಹುಡುಕ್ತಾನೆ. ಪೇಪರ್ ಇಲ್ಲದ ಡಾಕ್ಟರ್ ಬೀದಿಲಿ ಕಾಫಿ ಮಾರ್ತಾ ಇರ್ತಾನೆ. ಇಂಥವ್ರನ್ನ ಚೆನ್ನಾಗಿ ಸೇರಿಸ್ಕೊಂಡ್ರೆ ಆಶ್ರಯ ಕೊಟ್ಟ ಲ್ಯಾಟಿನ್ ಅಮೆರಿಕ ದೇಶಗಳ ಜಿಡಿಪಿ 2030ರೊಳಗೆ ಗರಿಷ್ಠ 4.5 ಪರ್ಸೆಂಟೇಜ್ ಪಾಯಿಂಟ್ ತನಕ ಏರಬಹುದು ಅಂತ ಅಂತಾರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್ 2022ರಲ್ಲಿ ಅಂದಾಜು ಮಾಡಿತ್ತು. ಅದಕ್ಕೆ ಮೊದಲು ಸ್ಕೂಲು ಆಸ್ಪತ್ರೆಗೆ ಖರ್ಚಂತೂ ಮಾಡ್ಲೇಬೇಕು.

ಉಗಾಂಡಾ ಇನ್ನೊಂದು ದಾರಿ ಹಿಡೀತು. 2006ರ ಕಾನೂನಿನಲ್ಲಿ ನಿರಾಶ್ರಿತರಿಗೆ ಕೆಲಸ ಮಾಡೋ ಹಕ್ಕು, ಓಡಾಡೋ ಹಕ್ಕು ಕೊಟ್ಟು, ವಸತಿ ಪ್ರದೇಶಗಳಲ್ಲಿ ಉಳುಮೆಗೆ ಒಂದು ತುಂಡು ಭೂಮಿನೂ ಕೊಡ್ತು. ದಕ್ಷಿಣ ಸೂಡಾನ್, ಕಾಂಗೋ ಕಡೆಯಿಂದ ಬಂದವ್ರು ಹದಿನೈದು ಲಕ್ಷ ದಾಟಿದ್ರು. ಭೂಮಿ ಹಾಗೇ ಇದೆ ಜನ ಜಾಸ್ತಿ ಆದ್ರು, ತುಂಡು ಚಿಕ್ಕದಾಗ್ತಾ ಬಂತು, 2023ರಲ್ಲಿ ಫಂಡ್ ಇಲ್ಲ ಅಂತ ವಿಶ್ವ ಆಹಾರ ಕಾರ್ಯಕ್ರಮ ರೇಷನ್ ಕಡಿತ ಮಾಡ್ತು. ಒಳ್ಳೇ ಕಾನೂನು ಬರೆದ್ರಷ್ಟೇ ಸಾಲಲ್ಲ, ಅದಕ್ಕೆ ದುಡ್ಡು ಯಾರ್ ಕೊಡ್ತಾರೆ ಅನ್ನೋ ಪ್ರಶ್ನೆ ಅಲ್ಲಿ ಇನ್ನೂ ಹಾಗೇ ಇದೆ.

ದೇಶ ಉದ್ಧಾರ ಆದ್ರೆ ಜನ ಹೋಗೋದು ನಿಲ್ಲುತ್ತಾ?

ಬಡತನದಿಂದ ವಲಸೆ, ಬಡತನ ಹೋದ್ರೆ ವಲಸೆನೂ ನಿಲ್ಲುತ್ತೆ ಅಂತ ಅನ್ಸುತ್ತೆ. ಅಂಕಿಅಂಶ ಉಲ್ಟಾ ಹೇಳುತ್ತೆ. ತೀರಾ ಬಡ ದೇಶದಲ್ಲಿ ಆದಾಯ ಏರೋಕೆ ಶುರುವಾದಾಗ ಹೊರಗೆ ಹೋಗೋವ್ರು ಜಾಸ್ತಿ ಆಗ್ತಾರೆ, ಯಾಕಂದ್ರೆ ಈಗ ಟಿಕೆಟ್‌ಗೆ ದುಡ್ಡಿದೆ, ಮಕ್ಕಳು ಓದಿದ್ದಾರೆ, ಆಸೆ ಬೆಳೆದಿದೆ, ಊರಲ್ಲಿ ಅದಕ್ಕೆ ತಕ್ಕ ಕೆಲಸ ಇನ್ನೂ ಬಂದಿಲ್ಲ. ತಲಾ ಆದಾಯ (ದೇಶದೇಶದ ಬೆಲೆ ವ್ಯತ್ಯಾಸ ಸರಿಹೊಂದಿಸಿದ ಲೆಕ್ಕದಲ್ಲಿ) ಸುಮಾರು 10,000 ಡಾಲರ್ ಮುಟ್ಟೋ ತನಕ ಏರಿ ಆಮೇಲೆ ಇಳಿಯುತ್ತೆ ಅಂತ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ಲೆಮೆನ್ಸ್ ತೋರಿಸಿದ್ರು. ಗ್ರಾಫ್ ಗುಡ್ಡದ ಆಕಾರ ಇರೋದ್ರಿಂದ ವಲಸೆ ಗುಡ್ಡ ಅನ್ನಬಹುದು. ಎಲ್ಲ ದೇಶಕ್ಕೂ ಇದೇ ಆಗುತ್ತಾ ಅನ್ನೋದರ ಬಗ್ಗೆ ತಕರಾರು ಇದೆ, ಒಂದೊಂದು ದೇಶನ ವರ್ಷಾನುಗಟ್ಟಲೆ ನೋಡಿದ್ರೆ ಚಿತ್ರ ಬೇರೆ ಕಾಣುತ್ತೆ ಅಂತ ವಾದ ಮಾಡೋವ್ರೂ ಇದ್ದಾರೆ.

ದಕ್ಷಿಣ-ದಕ್ಷಿಣ ವಲಸೆ ಈ ಗುಡ್ಡದ ಬುಡದಲ್ಲಿ ಇರುತ್ತೆ. ಬುರ್ಕಿನಾದ ರೈತ ಪ್ಯಾರಿಸ್‌ಗೆ ಹೋಗೋಕೆ ಆಗಲ್ಲ, ಅಬಿಜಾನ್‌ಗೆ ಹೋಗ್ತಾನೆ. ಇನ್ನು ಒಂದೇ ದೇಶ ಕಳಿಸೋದೂ ಕರೆಸ್ಕೊಳ್ಳೋದೂ ಎರಡೂ ಮಾಡುತ್ತೆ: ಥಾಯ್ಲೆಂಡ್‌ನವ್ರು ತೈವಾನ್, ದಕ್ಷಿಣ ಕೊರಿಯಾಗೆ ಹೋಗ್ತಾರೆ, ಅವ್ರು ಬಿಟ್ಟುಹೋದ ಮೀನು ಸಂಸ್ಕರಣೆ, ಕಟ್ಟಡ ಕೆಲಸಕ್ಕೆ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ನವ್ರು ಬರ್ತಾರೆ.

ಸರಕಿಗೆ ಒಂದು ನಿಯಮ, ಜನಕ್ಕೆ ಇನ್ನೊಂದು

ಪೇಪರ್ ಕೊಡೋದ್ರಲ್ಲಿ ಮುಂದೆ ಹೋಗಿದ್ದು ದಕ್ಷಿಣ ಅಮೆರಿಕ. ಮರ್ಕೋಸೂರ್ ಒಕ್ಕೂಟದ ವಾಸ ಒಪ್ಪಂದ 2002ರಲ್ಲಿ ಆಗಿ 2009ರಲ್ಲಿ ಜಾರಿಗೆ ಬಂತು. ಸದಸ್ಯ ದೇಶದ ಪ್ರಜೆ ಕ್ರಿಮಿನಲ್ ಹಿನ್ನೆಲೆ ಇಲ್ಲ ಅಂತ ತೋರಿಸಿದ್ರೆ ಇನ್ನೊಂದು ದೇಶದಲ್ಲಿ ಎರಡು ವರ್ಷ ಇದ್ದು ಕೆಲಸ ಮಾಡೋ ಪರ್ಮಿಟ್ ಸಿಗುತ್ತೆ, ಆಮೇಲೆ ಅದನ್ನ ಖಾಯಂ ಮಾಡಿಸ್ಕೊಳ್ಳಬಹುದು. ಅಲ್ಲಿ ಕೇಳೋದು ಯಾವ ದೇಶದವ್ನು ಅಂತ, ಕೈಲಿ ಕೆಲಸದ ಆಫರ್ ಇದೆಯಾ ಅಂತಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಸ್ಥಿತಿ ಹಿಂದಕ್ಕೆ ಹೋಗ್ತಿದೆ, 2025ರ ಜನವರಿಲಿ ಮಾಲಿ, ಬುರ್ಕಿನಾ ಫಾಸೋ, ನೈಜರ್ ಮೂರೂ ಇಕೊವಾಸ್‌ನಿಂದ ಹೊರಬಂದ್ವು, ಬುರ್ಕಿನಾ-ಐವರಿ ಕೋಸ್ಟ್ ದಾರಿಲಿ ಓಡಾಡೋವ್ರಿಗೆ ಮುಂದೆ ಯಾವ ನಿಯಮ ಅನ್ನೋದು ಈ ಸರ್ಕಾರಗಳ ಮಾತುಕತೆ ಮೇಲೆ ನಿಂತಿದೆ.

ಇಡೀ ಆಫ್ರಿಕಾಗೆ ಅಂತ ಎರಡು ಒಪ್ಪಂದ 2018ರಲ್ಲಿ ಹೆಚ್ಚು ಕಮ್ಮಿ ಒಟ್ಟಿಗೇ ಹೊರಟ್ವು. ಒಂದು ಸರಕು-ಸೇವೆಗಳ ಮುಕ್ತ ವ್ಯಾಪಾರಕ್ಕೆ, ಅದಕ್ಕೆ 22 ದೇಶಗಳ ಅನುಮೋದನೆ ಬೇಕಿತ್ತು, ಸಿಕ್ಕಿ 2019ರ ಮೇನಲ್ಲೇ ಜಾರಿಗೆ ಬಂತು, 2021ರಲ್ಲಿ ವ್ಯಾಪಾರವೂ ಶುರು ಅಂತ ಘೋಷಿಸಿದ್ರು. ಇನ್ನೊಂದು ಜನರ ಮುಕ್ತ ಓಡಾಟಕ್ಕೆ. ಅದಕ್ಕೆ ಬೇಕಿದ್ದಿದ್ದು 15 ದೇಶದ ಅನುಮೋದನೆ, ಸಹಿ ಹಾಕಿದವ್ರು 30ಕ್ಕೂ ಜಾಸ್ತಿ, ಆದ್ರೆ ಎಷ್ಟೋ ವರ್ಷ ಆದಮೇಲೂ ಅನುಮೋದನೆ ಮಾಡಿದ್ದು ರುವಾಂಡಾ, ನೈಜರ್, ಮಾಲಿ, ಸಾವೊ ಟೋಮೆ ನಾಲ್ಕೇ ದೇಶ. ಕೋಕೋ ಮೂಟೆ ಗಡಿ ದಾಟೋಕೆ ಒಪ್ಪಂದ ಇದೆ, ಮೂಟೆ ಹೊತ್ತವ್ನಿಗೆ ಸಿಗೋದು ಇನ್ನೂ 90 ದಿನ, ಅದೂ ಅವನ ದೇಶ ಒಕ್ಕೂಟದಲ್ಲಿದ್ರೆ.